ಮೊದಲ ಐದು ಸೆಕೆಂಡಿನಲ್ಲಿ ಯಾರು ಎದ್ದು ಹೋಗಬೇಕು?

ನಾನು ಹದಿನಾಲ್ಕು ವರ್ಷ ಮದುವೆ ವಿಡಿಯೊ ತೆಗೆದವನು. ದಾವಣಗೆರೆಯ ಯಾವ ಕಲ್ಯಾಣಮಂಟಪದಲ್ಲಿ ಎಲ್ಲಿ ನಿಂತರೆ ಅಕ್ಷತೆ ಬೀಳುವುದು ಚೆನ್ನಾಗಿ ಕಾಣುತ್ತದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಜಾಹೀರಾತಿನ ಕೆಲಸಕ್ಕೆ ಕೈಹಾಕಿದಾಗ ಇದೇ ವಿದ್ಯೆ ನನ್ನನ್ನು ಮುಳುಗಿಸಿತು. ಮದುವೆ ವಿಡಿಯೊ ನೋಡುವವರು ನೆಂಟರು. ಎಷ್ಟು ನಿಧಾನವಾಗಿ ಶುರುವಾದರೂ ತಮ್ಮ ಮುಖ ಬರುವ ತನಕ ಕಾಯುತ್ತಾರೆ. ಯೂಟ್ಯೂಬಿನಲ್ಲಿ ಜಾಹೀರಾತು ನೋಡುವವನು ನೆಂಟನಲ್ಲ, ಅವನ ಹೆಬ್ಬೆರಳು ‘ಸ್ಕಿಪ್’ ಗುಂಡಿ ಯಾವಾಗ ಬರುತ್ತದೆಂದು ಕಾಯುತ್ತಿರುತ್ತದೆ.

ಹಸಿ ಅಡಿಕೆ ಸುಲಿಯುವ ಯಂತ್ರ ಮಾರುವ ನಮ್ಮೂರಿನ ಅಂಗಡಿಯೊಂದಕ್ಕೆ ನಾನು ಮಾಡಿಕೊಟ್ಟ ಮೊದಲ ಜಾಹೀರಾತು 48 ಸೆಕೆಂಡಿನದು. ಸೂಳೆಕೆರೆಯ ನೀರಿನ ಮೇಲೆ ಡ್ರೋನ್ ಹಾರಾಟ, ಬೆಳಗಿನ ಮಂಜು, ಹಿನ್ನೆಲೆಯಲ್ಲಿ ನಾದಸ್ವರ. 22ನೆಯ ಸೆಕೆಂಡಿಗೆ ಮಾಲೀಕರು ಕೈಮುಗಿದು ನಿಲ್ಲುತ್ತಾರೆ. ಯಂತ್ರ ಕಾಣುವುದು ಅದಾದ ಮೇಲೆ, ಫೋನ್ ನಂಬರ್ ಕಟ್ಟಕಡೆಗೆ. 12,000 ರೂಪಾಯಿ ಖರ್ಚಾಯಿತು, 40,000 ವೀಕ್ಷಣೆ ಬಂತು, ಕರೆ ಬಂದದ್ದು ಮೂರು. ಒಂದು ಪುಣೆಯಿಂದ, ಅಡಿಕೆ ಕಿಲೋಗೆ ಎಷ್ಟು ಎಂದು ಕೇಳಲು. ಇನ್ನೊಂದು, ಡ್ರೋನ್ ಬಾಡಿಗೆಗೆ ಸಿಗುತ್ತದೆಯೇ ಎಂದು. ಮೂರನೆಯದು ಮಾಲೀಕರ ಷಡ್ಡಕರದು, ವಿಡಿಯೊದಲ್ಲಿ ಚೆನ್ನಾಗಿ ಕಾಣುತ್ತೀರಿ ಎಂದು ಹೇಳಲು.

“ಏನಪ್ಪಾ, 40,000 ಜನ ನೋಡಿದ್ದಾರೆ ಎನ್ನುತ್ತೀಯ. ಒಬ್ಬನಾದರೂ ಅಂಗಡಿಯ ಮೆಟ್ಟಿಲು ಹತ್ತಿದನೇ?” ಎಂದರು ಮಾಲೀಕರು. ಉತ್ತರವಿರಲಿಲ್ಲ. ಆಮೇಲೆ ಕೂತು ಒಂದೊಂದಾಗಿ ಸರಿಮಾಡಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ಲೆಕ್ಕ ಅರ್ಥವಾಗಬೇಕು. ಯೂಟ್ಯೂಬಿನಲ್ಲಿ ವಿಡಿಯೊಗಳ ನಡುವೆ ಬರುವ, ಐದು ಸೆಕೆಂಡಿನ ನಂತರ ದಾಟಿಸಬಹುದಾದ ಜಾಹೀರಾತಿಗೆ ‘ವೀಕ್ಷಣೆಗೆ ಇಷ್ಟು’ ಎಂಬ ಲೆಕ್ಕದಲ್ಲಿ ಹಣ ಕಟ್ಟುವುದಾದರೆ, ನೋಡುವವನು 30 ಸೆಕೆಂಡು ನೋಡಿದರೆ ಅಥವಾ ಅದರ ಮೇಲೆ ಒತ್ತಿದರೆ ಮಾತ್ರ ನಮ್ಮ ಹಣ ಹೋಗುತ್ತದೆ. ವಿಡಿಯೊ 30 ಸೆಕೆಂಡಿಗಿಂತ ಚಿಕ್ಕದಾದರೆ ಪೂರ್ತಿ ನೋಡಿದಾಗ ಹೋಗುತ್ತದೆ. ಆರನೆಯ ಸೆಕೆಂಡಿಗೆ ಎದ್ದು ಹೋದವನಿಗೆ ಬಿಲ್ ಇಲ್ಲ. ಆರು ಸೆಕೆಂಡಿನ ಬಂಪರ್ ಜಾಹೀರಾತಿನದು ಬೇರೆ ಲೆಕ್ಕ: ಅದನ್ನು ದಾಟಿಸಲಾಗದು, ಸಾವಿರ ಸಲ ಕಾಣಿಸಿದ್ದಕ್ಕೆ ಇಷ್ಟು ಎಂದು ಹಣ ಕೊಡಬೇಕು. ನಿಮ್ಮ ಖಾತೆಯಲ್ಲಿ ಯಾವ ಲೆಕ್ಕವಿದೆ ಎಂದು ನೋಡಿಕೊಳ್ಳದೆ ಮುಂದೆ ಹೋಗಬೇಡಿ.

ಇದು ತಲೆಗೆ ಹೋದಾಗ ನನ್ನ ತಪ್ಪು ಎದುರಿಗೆ ಬಂದು ನಿಂತಿತು. ಅಡಿಕೆ ಗಿಡವನ್ನೇ ಕಾಣದವರೂ ನನ್ನ ಡ್ರೋನ್ ಚಿತ್ರವನ್ನು 30 ಸೆಕೆಂಡು ಸವಿದು ಹೋಗಿದ್ದರು, ಅದಕ್ಕೆ ಮಾಲೀಕರು ಹಣ ಕೊಟ್ಟಿದ್ದರು. ಗಿರಾಕಿಯಲ್ಲದವನನ್ನು ಐದು ಸೆಕೆಂಡಿನಲ್ಲಿ ಎಬ್ಬಿಸಿ ಕಳಿಸುವುದೂ ಜಾಹೀರಾತಿನ ಕೆಲಸವೇ. ಕಳಿಸಬೇಕಾದವರ ಜೊತೆಗೆ ಬೇಕಾದವರನ್ನೂ ಓಡಿಸಿದರೆ ಕಷ್ಟ. ಎಲ್ಲರೂ ದಾಟಿಸುವ ಜಾಹೀರಾತಿಗೆ, ಜಾಹೀರಾತಿನ ಜಾಗಕ್ಕಾಗಿ ಗೂಗಲ್ ನಡೆಸುವ ಹರಾಜಿನಲ್ಲಿ ಬೆಲೆಯೂ ಏರುತ್ತದೆ.

ಹೊಸ ವಿಡಿಯೊ ಶುರುವಾಗುವುದು ಯಂತ್ರದ ಬಾಯಿಗೆ ಹಸಿರು ಅಡಿಕೆ ಸುರಿಯುವ ಗಡಗಡ ಸದ್ದಿನಿಂದ. ಎರಡನೆಯ ಸೆಕೆಂಡಿಗೆ ಒಬ್ಬ ಹೆಂಗಸಿನ ದನಿ: “ಗೊನೆ ಇಳಿಸಿಯಾಯಿತು, ಸುಲಿಯುವವರು ಸಿಗಲಿಲ್ಲವೇ?” ಪರದೆಯ ಮೇಲೆ ‘ಚನ್ನಗಿರಿ, ಹೊನ್ನಾಳಿ, ಹೊಳಲ್ಕೆರೆ ಅಡಿಕೆ ಬೆಳೆಗಾರರಿಗೆ’ ಎಂಬ ಅಕ್ಷರ. ಇಷ್ಟಕ್ಕೆ ಐದು ಸೆಕೆಂಡು ಮುಗಿಯುತ್ತದೆ. ತೋಟವಿಲ್ಲದವನು ಹೋಗುತ್ತಾನೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂರುವ ಆಳುಗಳಿಗಾಗಿ ಊರೂರು ಅಲೆದು ಬಂದವನು ಉಳಿಯುತ್ತಾನೆ. ಹತ್ತನೆಯ ಸೆಕೆಂಡಿಗೆ ಬೆಲೆ ಹೇಳಿಸಿದೆ. ಮಾಲೀಕರು ಒಪ್ಪಲಿಲ್ಲ, ಬೆಲೆ ಕೇಳಿದರೆ ಜನ ಹೆದರುತ್ತಾರೆ ಎಂದರು. ಹೆದರುವವರು ಈಗಲೇ ಬಿಟ್ಟಿಯಾಗಿ ಹೆದರಲಿ, ಅಂಗಡಿಗೆ ಬಂದು ಚಹಾ ಕುಡಿದು ಹೆದರುವುದು ಬೇಡ ಎಂದೆ. ಅಂಗಡಿಯ ಹೆಸರು, ನಂಬರ್ ಎರಡೂ 20ನೆಯ ಸೆಕೆಂಡಿನ ಒಳಗೆ ಬಂದುಬಿಡಬೇಕು. 30 ತುಂಬುವ ಮುನ್ನ ಹೋದವನಿಗೂ ಅಷ್ಟು ಪುಕ್ಕಟೆಯಾಗಿ ತಲುಪಿರುತ್ತದೆ.

ಆ ದನಿ ಯಾರದು ಎಂದರೆ, ಯಂತ್ರ ನಡೆಸುವ ಹೆಂಗಸಿನದೇ. ಮೊದಲು ವಾರ್ತೆ ಓದುವ ಧಾಟಿಯವರೊಬ್ಬರಿಂದ ಹೇಳಿಸಿದ್ದೆ. ಕೇಳಿದರೆ ಸರ್ಕಾರಿ ಪ್ರಕಟಣೆಯಂತಿತ್ತು.

ಇನ್ನು ಪುಣೆಯ ಕರೆಯ ಗುಟ್ಟು. ಯೂಟ್ಯೂಬಿಗೆ ಜಾಹೀರಾತು ಹಾಕುವ ಗೂಗಲ್ ಆ್ಯಡ್ಸ್‌ನಲ್ಲಿ ಸ್ಥಳ ಆರಿಸಿದ ಮೇಲೆ ಅದರ ಕೆಳಗೆ ಒಂದು ಚಿಕ್ಕ ಆಯ್ಕೆ ಮಡಚಿಕೊಂಡಿರುತ್ತದೆ. ನಾವು ಮುಟ್ಟದಿದ್ದರೆ ಅದು ‘ಈ ಸ್ಥಳದಲ್ಲಿ ಇರುವವರು ಅಥವಾ ಇದರ ಬಗ್ಗೆ ಆಸಕ್ತಿ ತೋರಿಸಿದವರು’ ಎಂದೇ ಉಳಿಯುತ್ತದೆ. ನಾನು ಅದನ್ನು ತೆರೆದೇ ಇರಲಿಲ್ಲ. ಅಂಗಡಿಯವರಾದರೆ ‘ಇರುವವರು’ ಎಂಬುದನ್ನಷ್ಟೇ ಇಟ್ಟುಕೊಳ್ಳಿ. ಜಿಲ್ಲೆಯ ಹೆಸರು ಹಾಕುವುದಕ್ಕಿಂತ ನಕ್ಷೆಯಲ್ಲಿ ಗುರುತಿಟ್ಟು ಸುತ್ತ ಇಷ್ಟು ಕಿಲೋಮೀಟರ್ ಎನ್ನುವುದು ಮೇಲು. ನಾನು ಚನ್ನಗಿರಿ ಮತ್ತು ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರವನ್ನು ನಡುವಿಟ್ಟು ಎರಡು ವೃತ್ತ ಎಳೆದೆ. ಜಗಳೂರಿನ ಕಡೆಯನ್ನು ಬಿಟ್ಟೆ, ಅಲ್ಲಿ ಈ ಯಂತ್ರ ಕೇಳುವವರು ವಿರಳ. ಊರಿನಲ್ಲಿ ತೋಟವಿದ್ದು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಕ್ಕಳಿಗೂ ತೋರಿಸಬೇಕೆಂದರೆ ಅದಕ್ಕೆ ಬೇರೆ ಪ್ರಚಾರ, ಬೇರೆ ಬಜೆಟ್ ಮಾಡಿ. ಒಂದರಲ್ಲೇ ಬೆರೆಸಿದರೆ ಬೆಂಗಳೂರು ಇಡೀ ಹಣವನ್ನು ನುಂಗುತ್ತದೆ.

ಯಾರಿಗೆ ತೋರಿಸಬೇಕು ಎಂಬುದರಲ್ಲಿ ನನಗೆ ಹೆಚ್ಚು ಫಲ ಕೊಟ್ಟದ್ದು ತೀರ ಸರಳವಾದ ಒಂದು ಸಂಗತಿ. ನಮ್ಮ ಕಡೆಯ ಅಡಿಕೆ ಬೆಳೆಗಾರ ಬೆಳಿಗ್ಗೆ ಎದ್ದು ಧಾರಣೆ ನೋಡುತ್ತಾನೆ. ಇಂಥ ಪದ ಹುಡುಕಿದವರಿಗೆ ತೋರಿಸು ಎಂದು ಗೂಗಲ್‌ಗೆ ಹೇಳುವ ಅವಕಾಶವಿದೆ. ‘ಇಂದಿನ ಅಡಿಕೆ ಧಾರಣೆ’, ‘ರಾಶಿ ಇಡಿ ರೇಟ್’ (ರಾಶಿ ಇಡಿ ಎಂದರೆ ಅಡಿಕೆಯ ಒಂದು ಬಗೆ) ಎಂಬಂಥ ಪದಗಳನ್ನು ಕನ್ನಡ ಲಿಪಿಯಲ್ಲೂ ಇಂಗ್ಲಿಷ್ ಲಿಪಿಯಲ್ಲೂ ಕೊಟ್ಟೆ, ಏಕೆಂದರೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವರೇ ಬಹಳ. ಇನ್ನೊಂದು ಜಾಹೀರಾತು ಗುಂಪಿನಲ್ಲಿ ಧಾರಣೆ ಹೇಳುವ ಚಾನೆಲ್‌ಗಳನ್ನೇ ಒಂದೊಂದಾಗಿ ಆರಿಸಿದೆ. ಈ ಎರಡನ್ನೂ ಒಂದೇ ಗುಂಪಿಗೆ ತುರುಕಬೇಡಿ. ಯಾವುದರಿಂದ ಕರೆ ಬಂತೆಂದು ತಿಳಿಯುವುದಿಲ್ಲ.

ಜಾಹೀರಾತು ಎಲ್ಲೆಲ್ಲಿ ಕಾಣಿಸಿಕೊಂಡಿತು ಎಂಬ ಪಟ್ಟಿಯನ್ನು ಮೂರು ದಿನಕ್ಕೊಮ್ಮೆ ತೆರೆದು ನೋಡಿ. ನನ್ನ ಮೊದಲ ಪಟ್ಟಿಯ ತುಂಬ ಮಕ್ಕಳ ಹಾಡು, ಕಾರ್ಟೂನು. ಅಪ್ಪನ ಮೊಬೈಲ್ ಮಗುವಿನ ಕೈಯಲ್ಲಿ, ಮಗುವಿನ ಬಾಯಲ್ಲಿ ಅನ್ನ, ಎದುರಿಗೆ ನಮ್ಮ ಸುಲಿಯುವ ಯಂತ್ರ! ಮಗು ಸ್ಕಿಪ್ ಒತ್ತುವುದಿಲ್ಲ, ಪೂರ್ತಿ ನೋಡುತ್ತದೆ. ಅಂಥ ಚಾನೆಲ್‌ಗಳನ್ನೂ ಆಟದ ಆ್ಯಪ್‌ಗಳನ್ನೂ ಹೊರಗಿಡುವ ಪಟ್ಟಿಗೆ ಸೇರಿಸುತ್ತ ಹೋದೆ. ಟಿವಿ ಪರದೆಯನ್ನೂ ತೆಗೆದೆ, ಟಿವಿಯಲ್ಲಿ ಕಂಡ ನಂಬರನ್ನು ಒತ್ತಿ ಕರೆ ಮಾಡಲು ಬರುವುದಿಲ್ಲ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗೆ ಅದೇ ವಿಡಿಯೊವನ್ನು ಹಾಗೇ ಹಾಕಬೇಡಿ. ಅಲ್ಲಿ ಸದ್ದಿಲ್ಲದೆ ನೋಡುವವರು ಬಹಳ, ನನ್ನ ಗಡಗಡ ಸದ್ದು ಅಲ್ಲಿ ದಂಡ. ಮೊಬೈಲನ್ನು ನೆಟ್ಟಗೆ ಹಿಡಿದು ಬೇರೆಯೇ ಚಿತ್ರೀಕರಿಸಿ, ಮಾತನ್ನೆಲ್ಲ ದಪ್ಪ ಕನ್ನಡ ಅಕ್ಷರದಲ್ಲಿ ಹಾಕಿ. ತಳಭಾಗ ಖಾಲಿ ಬಿಡಿ, ಅಲ್ಲಿ ಅವರ ಗುಂಡಿಗಳು ಬಂದು ಕೂರುತ್ತವೆ. ಅಕ್ಷರ ಸಾಕಷ್ಟು ದೊಡ್ಡದಿದೆಯೇ ಎಂದು ನೋಡಲು ನಾನು ಮೊಬೈಲನ್ನು ಅವ್ವನ ಕೈಗೆ ಕೊಡುತ್ತೇನೆ. ಅವಳು ಕನ್ನಡಕ ಹುಡುಕಲು ಎದ್ದರೆ ನಾನು ಮತ್ತೆ ಎಡಿಟಿಂಗ್‌ಗೆ ಕೂರುತ್ತೇನೆ.

ಬದಲಾವಣೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೊದಲ ವಾಕ್ಯ ಬೇರೆ, ಉಳಿದದ್ದೆಲ್ಲ ಒಂದೇ ಆಗಿರುವ ಎರಡು ವಿಡಿಯೊಗಳನ್ನು ಒಂದು ವಾರ ಓಡಿಸಿ, ನಡುವೆ ಕೈಯಾಡಿಸಬೇಡಿ. ದಿನಕ್ಕೆರಡು ಸಲ ಬಜೆಟ್ ಏರಿಸಿ ಇಳಿಸುವವರ ಜಾಹೀರಾತು ಯಾವತ್ತೂ ನೆಲೆಗೊಳ್ಳುವುದಿಲ್ಲ. ಖರ್ಚಿನ ಮೇಲೆ ಶೇ 18ರ ಜಿಎಸ್‌ಟಿ ಇರುವುದನ್ನು ಮಾಲೀಕರಿಗೆ ಮೊದಲೇ ಹೇಳಿಬಿಡಿ. ನಾನು ಹೇಳಿರಲಿಲ್ಲ, ಆ ವ್ಯತ್ಯಾಸ ನನ್ನ ಕೂಲಿಯಲ್ಲಿ ಮುರಿಯಿತು.

ಅಳೆಯುವುದಕ್ಕೆ ನನ್ನ ಬಳಿ ಇರುವುದು ಒಂದು ಪ್ರತ್ಯೇಕ ಸಿಮ್ ಮತ್ತು ಇನ್ನೂರು ಪುಟದ ಒಂದು ನೋಟ್‌ಬುಕ್. ಆ ಸಿಮ್‌ನ ನಂಬರ್ ಜಾಹೀರಾತಿನಲ್ಲಿ ಬಿಟ್ಟು ಎಲ್ಲಿಯೂ ಇಲ್ಲ. ಕರೆ ಬಂದರೆ ಅಂಗಡಿಯ ಹುಡುಗ ಊರು, ಎಷ್ಟು ಎಕರೆ, ಸ್ವಂತ ತೋಟವೋ ಚೇಣಿಯೋ (ಫಸಲನ್ನು ಗುತ್ತಿಗೆ ಹಿಡಿದದ್ದೋ) ಎಂದು ಬರೆದಿಡುತ್ತಾನೆ. ನೋಟ್‌ಬುಕ್ಕಿನಿಂದಲೇ ಗೊತ್ತಾದದ್ದು: ಕರೆಗಳು ಹೆಚ್ಚು ಬರುವುದು ರಾತ್ರಿ ಎಂಟರ ಮೇಲೆ, ಅಂಗಡಿ ಮುಚ್ಚುವುದು ಏಳೂವರೆಗೆ. ಸಮಯವನ್ನು ಮಿತಿಗೊಳಿಸಿ ಸಂಜೆ ಏಳಕ್ಕೇ ಜಾಹೀರಾತು ನಿಲ್ಲಿಸಬಹುದಿತ್ತು. ಹುಡುಗನಿಗೆ ಸ್ವಲ್ಪ ಹೆಚ್ಚು ಕೊಟ್ಟು ಸಿಮ್ಮನ್ನು ಮನೆಗೆ ಕಳಿಸುವುದೇ ಲಾಭ ಎಂದೆ. ಆ ಸುಗ್ಗಿಯಲ್ಲಿ ವೀಕ್ಷಣೆ 9,000 ದಾಟಲಿಲ್ಲ. ಮೆಟ್ಟಿಲು ಹತ್ತಿದವರ ಹೆಸರು ನೋಟ್‌ಬುಕ್ಕಿನಲ್ಲಿ ನಾಲ್ಕು ಪುಟ ತುಂಬಿತು.

ಸೂಳೆಕೆರೆಯ ಡ್ರೋನ್ ದೃಶ್ಯವನ್ನು ಮಾಲೀಕರು ಎಸೆಯಲು ಬಿಡಲಿಲ್ಲ. ಅಂಗಡಿಯ ಗೋಡೆಯ ಟಿವಿಯಲ್ಲಿ ಅದು ಈಗಲೂ ನಾದಸ್ವರದ ಸಮೇತ ದಿನವಿಡೀ ಓಡುತ್ತದೆ.