ಆಘಾತದ ಚಿಕಿತ್ಸೆಯಲ್ಲಿ ದೇಹದ ಪಾತ್ರ: ಗಮನವನ್ನು ಕಳಿಸಿ ಕರೆತರುವ ಬಗೆ

ಮನಸ್ಸಿಗೆ ಆಘಾತ ತಂದ ಘಟನೆಯನ್ನು ಬಾಯಿಬಿಟ್ಟು ಹೇಳುವ ಮೊದಲೇ ಎದೆ ಡವಗುಟ್ಟುತ್ತದೆ, ದವಡೆ ಬಿಗಿಯುತ್ತದೆ, ಇಲ್ಲವೇ ಮೈ ಮರಗಟ್ಟುತ್ತದೆ. ಈ ಸಂವೇದನೆಗಳನ್ನೇ ಹಿಡಿದು ನಡೆಯುವ ಚಿಕಿತ್ಸೆಗಳಲ್ಲಿ ಅಮೆರಿಕದ ಚಿಕಿತ್ಸಕ ಪೀಟರ್ ಲೆವಿನ್ ರೂಪಿಸಿದ ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್ ಒಂದು. ಅಲ್ಲಿ ಮುಖ್ಯವಾಗಿ ಕಲಿಯುವುದು ಗಮನವನ್ನು ನೆಮ್ಮದಿಯ ಜಾಗದಿಂದ ಬಿಗಿತದ ಅಂಚಿಗೆ ಕಳಿಸಿ, ಅಲ್ಲಿಂದ ಮತ್ತೆ ಕರೆತರುವುದನ್ನು.

ಕಣ್ಣು ತೆರೆದೇ ಕುಳಿತುಕೊಳ್ಳಿ. ಪಾದಗಳು ನೆಲಕ್ಕೆ ತಾಗಿರಲಿ, ಬೆನ್ನಿಗೆ ಆಸರೆ ಇರಲಿ. ತಲೆಯನ್ನು ನಿಧಾನವಾಗಿ ತಿರುಗಿಸಿ ಕೋಣೆಯ ಬಾಗಿಲು, ಕಿಟಕಿ, ಮೂಲೆಗಳನ್ನು ನೋಡಿ. ಕಣ್ಣಿಗೆ ಹಿತವೆನಿಸಿದ ಒಂದು ವಸ್ತುವಿನ ಮೇಲೆ ನೋಟ ನಿಲ್ಲಲಿ. ಈ ಹಂತವನ್ನು ಬಿಟ್ಟು ಮುಂದೆ ಹೋದರೆ ಎಡವುವುದು ಸುಲಭ.

ಆಮೇಲೆ ಮೈಯಲ್ಲಿ ಹಿತವಾದ ಒಂದು ಜಾಗ ಹುಡುಕಿ. ಹಿತ ಸಿಗದಿದ್ದರೆ ನೋವೂ ಇಲ್ಲದ, ಸುಖವೂ ಇಲ್ಲದ ಜಾಗವಾದರೂ ಆದೀತು: ಕಿವಿಯ ಹಾಲೆ, ಹೆಬ್ಬೆರಳು, ಕುರ್ಚಿಗೆ ತಾಗಿದ ತೊಡೆ. ಅಲ್ಲಿ ಒಂದೆರಡು ನಿಮಿಷ ಇರಿ. ಬಳಿಕ ಬಿಗಿತದ ಅಂಚನ್ನು ಐದಾರು ಸೆಕೆಂಡು ಮಾತ್ರ ಗಮನಿಸಿ: ಬಿಸಿಯೋ, ತಣ್ಣಗೋ, ಒತ್ತುತ್ತಿದೆಯೋ, ಜುಮುಗುಡುತ್ತಿದೆಯೋ? 'ಯಾಕೆ' ಎಂದು ಕೇಳಬೇಡಿ, ಕೇಳಿದರೆ ಕಥೆ ಶುರುವಾಗಿಬಿಡುತ್ತದೆ. ಹಿತದ ಜಾಗಕ್ಕೆ ಮರಳಿ. ಮೂರು ನಾಲ್ಕು ಸುತ್ತು ಸಾಕು. ನಡುವೆ ಆಕಳಿಕೆ, ನಿಟ್ಟುಸಿರು, ಸಣ್ಣ ನಡುಕ ಬಂದರೆ ತಡೆಯಬೇಡಿ.

ಎದೆಬಡಿತ ಏರುತ್ತಲೇ ಹೋದರೆ ಅಥವಾ ಎಲ್ಲವೂ ದೂರ, ಮಂಕು, ಬೇರೆ ಯಾರಿಗೋ ಆಗುತ್ತಿದೆ ಎನಿಸಿದರೆ ಅಲ್ಲಿಗೇ ನಿಲ್ಲಿಸಿ. ಎರಡನೆಯದನ್ನು 'ಶಾಂತಿ' ಎಂದುಕೊಳ್ಳುವುದು ಸುಲಭ, ಆದರೆ ಅದು ಮನಸ್ಸು ಕಳಚಿಕೊಳ್ಳುತ್ತಿರುವ ಲಕ್ಷಣ. ಎದ್ದು ನಿಂತು ಅಂಗೈಗಳಿಂದ ಗೋಡೆಯನ್ನು ಒತ್ತಿ, ಕಾಣುವ ಐದು ವಸ್ತುಗಳ ಹೆಸರನ್ನು ಗಟ್ಟಿಯಾಗಿ ಹೇಳಿ.

ಉಸಿರಾಟದಿಂದಲೇ ಶುರುಮಾಡಿ ಎಂಬ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. ಉಸಿರು ಕಟ್ಟಿದ ಅನುಭವ ಇದ್ದವರಿಗೆ ಅದೇ ಗಾಬರಿ ಹುಟ್ಟಿಸಬಹುದು. ಜೋರಾಗಿ, ಬೇಗಬೇಗ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಸುತ್ತುತ್ತದೆ, ಬೆರಳು ಜುಮುಗುಡುತ್ತವೆ. ಹೊಂದುವವರು ಉಸಿರು ಬಿಡುವುದನ್ನು ಮಾತ್ರ ತುಸು ಉದ್ದ ಮಾಡಿದರೆ ಸಾಕು.

ಪದೇ ಪದೇ ಮನಸ್ಸು ಕಳಚಿಕೊಳ್ಳುವುದು, ಘಟನೆ ಕಣ್ಣೆದುರೇ ಮರುಕಳಿಸುವುದು, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಇದ್ದರೆ ಇದನ್ನು ಒಬ್ಬರೇ ಮಾಡಬಾರದು, ತರಬೇತಾದ ಚಿಕಿತ್ಸಕರು ಎದುರಿಗಿರಬೇಕು. ದೇಹ ಆಧಾರಿತ ವಿಧಾನಗಳ ಕುರಿತ ಸಂಶೋಧನೆ ಇನ್ನೂ ಕಡಿಮೆ. ಆಘಾತಕ್ಕೆಂದೇ ರೂಪಿಸಿದ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್‌ಗೆ (ಸಾಮಾನ್ಯವಾಗಿ ಕಣ್ಣನ್ನು ಅತ್ತಿತ್ತ ಹೊರಳಿಸುತ್ತಾ ನೆನಪನ್ನು ಎದುರಿಸುವ ಚಿಕಿತ್ಸೆ) ಪುರಾವೆ ಹೆಚ್ಚಿದೆ, ಹಾಗಾಗಿ ಅವುಗಳ ಬಗ್ಗೆಯೂ ಕೇಳಿ. ಚಿಕಿತ್ಸಕರು ಮುಟ್ಟುವ ಮುನ್ನ ಪ್ರತಿ ಸಲವೂ ಒಪ್ಪಿಗೆ ಕೇಳಬೇಕು. ಹೋದ ವಾರ ಒಪ್ಪಿದ್ದನ್ನು ಈ ವಾರ ಬೇಡ ಎನ್ನಬಹುದು, ಕಾರಣ ಕೊಡಬೇಕಿಲ್ಲ.