ನಾಲ್ಕು ಚಕ್ರದ ಮನೆಯಲ್ಲಿ ಮಳೆಗಾಲ

ನನ್ನ ತಂದೆ ಮೂಡಿಗೆರೆ ಸೀಮೆಯ ತೋಟಗಳಿಂದ ಮಂಗಳೂರಿನಲ್ಲಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಮೂಟೆ ಸಾಗಿಸುವ ಲಾರಿಯ ಚಾಲಕರಾಗಿದ್ದರು. ಬೇಸಿಗೆ ರಜೆಯಲ್ಲಿ ನನ್ನನ್ನೂ ಕರೆದೊಯ್ಯುತ್ತಿದ್ದರು. ಚಾರ್ಮಾಡಿ ಘಾಟಿ ಇಳಿಯುವ ಮೊದಲು ಕೊಟ್ಟಿಗೆಹಾರದಲ್ಲಿ ಲಾರಿ ನಿಲ್ಲಿಸಿ, ಕಾಫಿ ಗಿಡ ಹೂಬಿಡಿಸುವ ಹೂಮಳೆ ತಗಡಿನ ಮೇಲೆ ಬೀಳುವ ಸದ್ದು ಕೇಳುತ್ತಾ ಕ್ಯಾಬಿನ್ನಿನಲ್ಲಿ ಕಂಬಳಿ ಹೊದ್ದು ಮಲಗುತ್ತಿದ್ದೆವು. ಒಂದು ಸೀಮೆಎಣ್ಣೆ ಸ್ಟವ್, ಒಂದು ಕ್ಯಾನ್ ನೀರು, ಎರಡು ಜೊತೆ ಬಟ್ಟೆ. ಅಷ್ಟರಲ್ಲೇ ಅಪ್ಪನ ಸಂಸಾರ ನಡೆಯುತ್ತಿತ್ತು. ಹಾಗೆಯೇ ಬದುಕಬೇಕೆಂಬ ಆಸೆ ಆಗ ಹುಟ್ಟಿದ್ದು, ಹಾಸನದಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕನಾಗಿ ನಿವೃತ್ತನಾಗುವವರೆಗೂ ಹೋಗಲಿಲ್ಲ.

ನಿವೃತ್ತಿಯ ಹಣದಲ್ಲಿ ಹಳೆಯದೊಂದು ಟೆಂಪೊ ಟ್ರಾವೆಲರ್ ಕೊಂಡೆ. ಒಳಗೆ ನೆಟ್ಟಗೆ ನಿಲ್ಲಬಹುದೆಂಬುದೇ ಅದನ್ನು ಆರಿಸಿಕೊಳ್ಳಲು ಕಾರಣ; ದಿನವಿಡೀ ಬೆನ್ನು ಬಗ್ಗಿಸಿಕೊಂಡು ಓಡಾಡಬೇಕಾದ ಕಡೆ ಯಾರೂ ಬಹಳ ಕಾಲ ಇರಲಾರರು. ಸೀಟು ಬಿಚ್ಚುವ ಮೊದಲು ಆರ್‌ಟಿಒ ಕಚೇರಿಗೆ ಹೋದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕರು ತಮ್ಮಷ್ಟಕ್ಕೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಮೊದಲು ಬಡಗಿಯನ್ನು ಕರೆಸಿ ಆಮೇಲೆ ಕಾಗದಪತ್ರ ನೋಡಿಕೊಳ್ಳೋಣವೆನ್ನುವುದು ಸರಿಯಲ್ಲ ಎಂದು ಇಂಥ ಆಸೆಯಿರುವ ಎಲ್ಲರಿಗೂ ಹೇಳುತ್ತೇನೆ.

ನೀರು ಮತ್ತು ವಿದ್ಯುತ್ತಿನ ಲೆಕ್ಕ ಸುಲಭವಾಗಿಯೇ ಕೂಡಿಬಂತು. ಅರವತ್ತು ಲೀಟರ್ ನೀರು ಒಯ್ಯುತ್ತೇನೆ. ಅಡುಗೆ, ಪಾತ್ರೆ, ಅರ್ಧ ಬಕೆಟ್ ಸ್ನಾನ ಎಲ್ಲ ಸೇರಿ ದಿನಕ್ಕೆ ಹದಿನೈದು ಲೀಟರ್ ಸಾಕು. 12.8 ವೋಲ್ಟಿನ, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ 1,280 ವ್ಯಾಟ್-ಅವರ್ ಇರುತ್ತದೆ. ಸಣ್ಣ ಫ್ಯಾನು, ಎರಡು ದೀಪ, ಮೊಬೈಲು ಇಷ್ಟಕ್ಕೆ ದಿನಕ್ಕೆ 250 ವ್ಯಾಟ್-ಅವರ್‌ನಷ್ಟು ಖರ್ಚಾಗುವುದರಿಂದ, ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆಯೂ ನಾಲ್ಕು ದಿನ ಕಳೆಯಬಹುದು. ನೀರೂ ನಾಲ್ಕು ದಿನ, ವಿದ್ಯುತ್ತೂ ನಾಲ್ಕು ದಿನ. ಬೇಸಿಗೆಯಲ್ಲಿ ಛಾವಣಿಯ 200 ವ್ಯಾಟಿನ ಸೌರಫಲಕವೇ ಎಲ್ಲವನ್ನೂ ತುಂಬಿಸುತ್ತದೆ. ಆಷಾಢದಲ್ಲಿ ಅದನ್ನು ನಂಬುವಂತಿಲ್ಲ. ಆಗ ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಒಂದು ಗಂಟೆ ಓಡಿಸಿದರೆ, ಎಂಜಿನ್ನಿನಿಂದ 20 ಆಂಪಿಯರ್ ಎಳೆದುಕೊಳ್ಳುವ ಚಾರ್ಜರ್ ಒಂದು ದಿನದ ವಿದ್ಯುತ್ತನ್ನು ಕೊಡುತ್ತದೆ.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ತೇವವನ್ನು. ಮೊದಲ ಮಳೆಗಾಲದಲ್ಲಿ ಪರಿಚಯದವರ ತೋಟವೊಂದರಲ್ಲಿ, ಮೂಡಿಗೆರೆಯ ಹತ್ತಿರ, ಬೀಡುಬಿಟ್ಟಿದ್ದೆ. ಎರಡನೆಯ ವಾರ ಹಾಸಿಗೆ ಎತ್ತಿ ನೋಡಿದಾಗ ಅಡಿಭಾಗವೆಲ್ಲ ಹಸಿರು ಬೂಷ್ಟು ಹಿಡಿದಿತ್ತು. ಗೋಡೆಯ ಪ್ಲೈವುಡ್ ಊದಿಕೊಂಡಿತ್ತು. ಛಾವಣಿ ಸೋರುತ್ತಿದೆಯೆಂದು ತಿಳಿದು ಎರಡು ದಿನ ಸೀಲೆಂಟ್ ಹಚ್ಚಿದೆ. ತೋಟದ ಲೆಕ್ಕಪತ್ರ ನೋಡುವ ರೈಟರು ಒಳಗೆ ಬಂದು ತಗಡನ್ನು ಕೈಯಿಂದ ಸವರಿ, "ಮೇಷ್ಟ್ರೇ, ಇದು ಮೇಲಿಂದ ಬಂದ ನೀರಲ್ಲ, ನಿಮ್ಮ ಒಳಗಿಂದಲೇ ಹೋದದ್ದು" ಎಂದರು.

ಅವರ ಮಾತು ನಿಜವಾಗಿತ್ತು. ನಾವು ಬಿಡುವ ಉಸಿರಿನ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಯಾಗುತ್ತದೆ. ಅದರ ಜೊತೆಗೆ ಒಲೆಯಿಂದಲೂ ನೀರು ಬರುತ್ತದೆ: ಒಂದು ಕಿಲೋ ಅಡುಗೆ ಅನಿಲ ಉರಿದಾಗ ಸುಮಾರು ಒಂದೂವರೆ ಕಿಲೋ ನೀರಾವಿ ಹುಟ್ಟುತ್ತದೆ, ಅನ್ನ ಬೇಯುವಾಗ ಏಳುವ ಹಬೆ ಬೇರೆ. ದಹನದ ಈ ಸಮೀಕರಣವನ್ನು ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದಿದ್ದೆ. ತಗಡು ಮತ್ತು ಪ್ಲೈವುಡ್ ನಡುವೆ ತುಂಬಿಸಿದ್ದ ಗಾಜಿನ ಉಣ್ಣೆ ಆ ನೀರನ್ನೆಲ್ಲ ಹಿಡಿದಿಟ್ಟುಕೊಂಡು ತಗಡಿಗೆ ತುಕ್ಕು ಹಿಡಿಸುತ್ತಿತ್ತು.

ಮಳೆ ನಿಂತ ಮೇಲೆ ಹಾಸನಕ್ಕೆ ಬಂದು ಒಳಗಿನದೆಲ್ಲವನ್ನೂ ಕಿತ್ತೆ. ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹೊಡೆದು, ನೀರು ಹೀರದ ರಬ್ಬರ್ ಫೋಮ್ ಹಾಳೆಯನ್ನು ತಗಡಿಗೆ ಎಲ್ಲಿಯೂ ಸಂದಿಲ್ಲದಂತೆ ಅಂಟಿಸಿದೆ. ಮಂಚದ ಹಲಗೆಯನ್ನು ತೆಗೆದು ಎರಡೆರಡು ಅಂಗುಲ ಅಂತರದಲ್ಲಿ ಮರದ ಪಟ್ಟಿ ಹೊಡೆಸಿ, ಮೇಲೆ ತೆಂಗಿನ ನಾರಿನ ಚಾಪೆ ಹಾಸಿದೆ. ಛಾವಣಿಯಲ್ಲಿ ಗಾಳಿ ಎಳೆಯುವ ಸಣ್ಣ ಫ್ಯಾನು, ಎದುರು ಮೂಲೆಯಲ್ಲಿ ಮಳೆ ಬಡಿಯದಂಥ ತಗ್ಗಿನ ಕಿಂಡಿ. ಇವೆರಡನ್ನೂ ರಾತ್ರಿ ಎಷ್ಟೇ ಚಳಿಯಿದ್ದರೂ ಮುಚ್ಚುವುದಿಲ್ಲ. ಅಡುಗೆ ಈಗ ಹೊರಗೆ, ಹಿಂಬಾಗಿಲಿಗೆ ಕಟ್ಟಿದ ಟಾರ್ಪಾಲಿನ ಕೆಳಗೆ ನಡೆಯುತ್ತದೆ. ಐದು ಕಿಲೋ ಸಿಲಿಂಡರನ್ನು ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಕೊರೆಸಿದ್ದೇನೆ, ಏಕೆಂದರೆ ಈ ಅನಿಲ ಗಾಳಿಗಿಂತ ಭಾರವಾಗಿದ್ದು, ಸೋರಿದರೆ ನೆಲದ ಮಟ್ಟದಲ್ಲಿಯೇ ಶೇಖರವಾಗುತ್ತದೆ.

ಬಟ್ಟೆ ಒಣಗಿಸುವ ಉಪಾಯವನ್ನು ಮಲೆನಾಡಿನ ಮನೆಗಳಿಂದಲೇ ಕಲಿತೆ. ಅಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಎಲ್ಲವೂ ಒಣಗುತ್ತದೆ. ನನ್ನ ಗಾಡಿಯ ಎಂಜಿನ್ ಮುಚ್ಚಳ ಚಾಲಕನ ಪಕ್ಕದಲ್ಲಿಯೇ ಇದೆ. ಓಡಿಸಿ ನಿಲ್ಲಿಸಿದ ಮೇಲೆ ಅದರ ಮೇಲೊಂದು ಬಿದಿರಿನ ತಟ್ಟಿಯಿಟ್ಟು ಪಂಚೆ, ಬನಿಯನ್ ಹರಡಿದರೆ ಬೆಳಗಾಗುವಷ್ಟರಲ್ಲಿ ಒಣಗಿರುತ್ತವೆ. ಹೀಗಾಗಿ ಮೂರು ಜೊತೆ ಬಟ್ಟೆಗಿಂತ ಹೆಚ್ಚು ಬೇಕಾಗಿಲ್ಲ.

ರಾತ್ರಿ ತಂಗಲು ಪರಿಚಯದವರ ತೋಟದ ಕಣ, ದೇವಸ್ಥಾನದ ಬಯಲು ಅಥವಾ ಪೆಟ್ರೋಲ್ ಬಂಕನ್ನು ಕೇಳಿಯೇ ಆರಿಸಿಕೊಳ್ಳುತ್ತೇನೆ. ಸಕಲೇಶಪುರ, ಆಲೂರು ಕಡೆ ಆನೆಗಳ ಓಡಾಟವಿರುವುದರಿಂದ ಅಲ್ಲಿ ಕತ್ತಲಾದ ಮೇಲೆ ರಸ್ತೆಬದಿಯಲ್ಲಿ ನಿಲ್ಲಿಸುವುದಿಲ್ಲ.

ಕಳೆದ ಶ್ರಾವಣದಲ್ಲಿ ಕೊಟ್ಟಿಗೆಹಾರದಲ್ಲಿ ಮೂರು ರಾತ್ರಿ ಇದ್ದೆ. ಮಳೆ ಒಂದೇ ಸಮನೆ ಸುರಿಯುತ್ತಿತ್ತು, ಆದರೆ ಫೋಮ್ ಹಾಳೆ ಅಂಟಿಸಿದ ಮೇಲೆ ತಗಡಿನ ಸದ್ದು ಅಪ್ಪನ ಲಾರಿಯಲ್ಲಿ ಕೇಳುತ್ತಿದ್ದಂತೆ ಕೇಳುವುದಿಲ್ಲ. ಚಾಲಕನ ತಲೆಯ ಮೇಲಿನ ಭಾಗಕ್ಕೆ ಮಾತ್ರ ನಾನು ಹಾಳೆ ಹಾಕಿರಲಿಲ್ಲ. ಅಲ್ಲಿ ಒಂದು ಬಟ್ಟೆಯಿಂದ ಆಗಾಗ ಹನಿ ಒರೆಸುತ್ತಾ ಸ್ವಲ್ಪ ಹೊತ್ತು ಕುಳಿತಿದ್ದು, ಆಮೇಲೆ ಹಿಂದೆ ಹೋಗಿ ಮಲಗಿದೆ.