ಮಗು ಎಡವಿದ್ದು ಎಲ್ಲಿ? ಗೂಗಲ್ ಫಾರ್ಮ್‌ನಲ್ಲೇ ಪತ್ತೆ ಮಾಡಿ

ಉತ್ತರ ತಪ್ಪಾದ ಕೂಡಲೇ ಮಗುವಿಗೆ ತಕ್ಕ ಮುಂದಿನ ಪ್ರಶ್ನೆ ಕೊಡುವ ಸಾಫ್ಟ್‌ವೇರ್‌ಗೆ ಅಡಾಪ್ಟಿವ್ ಲರ್ನಿಂಗ್ ಎಂಬ ದೊಡ್ಡ ಹೆಸರಿದೆ. ಇಂಥ ಒಂದು ಸಾಫ್ಟ್‌ವೇರ್ ಆದ ಮೈಂಡ್‌ಸ್ಪಾರ್ಕ್ ಕುರಿತು ದೆಹಲಿಯಲ್ಲಿ ನಡೆದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ಅವರ ಮುಂದೆ ಆರನೇ ತರಗತಿಯ ಪಾಠವನ್ನೇ ಓದುತ್ತಾ ಹೋದರೆ ಏನು ಸಿಗುತ್ತದೆ?

ಶಿಕ್ಷಕರೇ, ದುಡ್ಡು ಕೊಟ್ಟು ಸಾಫ್ಟ್‌ವೇರ್ ತರುವ ಮೊದಲು ಪುಟ್ಟದೊಂದನ್ನು ನೀವೇ ಮಾಡಿ ನೋಡಿ. ಆನ್‌ಲೈನ್‌ನಲ್ಲಿ ಪ್ರಶ್ನೆ ಕೇಳಿ ಉತ್ತರ ಪಡೆಯುವ ಗೂಗಲ್ ಫಾರ್ಮ್ಸ್ ಸಾಕು, ಅದು ಉಚಿತ.

1. ಒಂದೇ ಕೌಶಲ ಹಿಡಿಯಿರಿ

‘ಗಣಿತ’ ಬೇಡ, ‘ಕಳೆಯುವ ಲೆಕ್ಕ’ ಕೂಡ ಜಾಸ್ತಿಯಾಯಿತು. ಎರಡಂಕಿಯಲ್ಲಿ ದಶಕ ತೆಗೆದುಕೊಂಡು ಕಳೆಯುವುದು, ಇಷ್ಟೇ ಇರಲಿ.

2. ತಪ್ಪು ಉತ್ತರಗಳನ್ನು ಯೋಚಿಸಿ ಬರೆಯಿರಿ

ಅರ್ಧ ಕೆಲಸ ಇಲ್ಲೇ ಇದೆ. ಮಕ್ಕಳ ತಪ್ಪು ಸುಮ್ನೆ ಬರುವುದಿಲ್ಲ, ಅದರ ಹಿಂದೆ ಒಂದು ನಿಯಮ ಇರುತ್ತದೆ. ಅಮೆರಿಕದ ಸಂಶೋಧಕರಾದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಕಳೆಯುವ ಲೆಕ್ಕದ ಇಂಥ ತಪ್ಪುಗಳನ್ನೇ ಹಿಡಿದು 1978ರಲ್ಲಿ ಪ್ರಬಂಧ ಬರೆದರು.

62 – 28 ತೆಗೆದುಕೊಳ್ಳಿ. ಸರಿ ಉತ್ತರ 34. ‘ಎರಡರಲ್ಲಿ ಎಂಟು ಹೋಗಲ್ಲ, ಎಂಟರಲ್ಲೇ ಎರಡು ಕಳೆಯೋಣ’ ಎನ್ನುವ ಮಗು 46 ಬರೆಯುತ್ತದೆ. ದಶಕ ತಂದು ಬಿಡಿಗೆ ಸೇರಿಸಿ, ಹತ್ತರ ಮನೆಯಲ್ಲಿ ಒಂದು ಕಡಿಮೆ ಮಾಡಲು ಮರೆತ ಮಗು 44 ಎನ್ನುತ್ತದೆ. 90 ಬಂತಾ? ಚಿಹ್ನೆ ನೋಡದೆ ಕೂಡಿಸಿದೆ. ಈ ನಾಲ್ಕರ ಜೊತೆ ‘ಗೊತ್ತಿಲ್ಲ’ ಎಂಬ ಐದನೇ ಆಯ್ಕೆ ಇಡಿ, ಊಹೆ ಹೊಡೆಯುವುದು ಕಡಿಮೆಯಾಗುತ್ತದೆ.

ಯಾವ ಸಂಖ್ಯೆಯಾದರೂ ನಡೆಯುತ್ತದೆ ಅಂದುಕೊಳ್ಳಬೇಡಿ. 52 – 27 ಕೊಟ್ಟರೆ ಮೊದಲ ಎರಡೂ ತಪ್ಪಿಗೆ ಉತ್ತರ 35. ಯಾರು ಮರೆತರು, ಯಾರು ತಿರುಗಿಸಿ ಕಳೆದರು ಎಂದು ಗೊತ್ತೇ ಆಗುವುದಿಲ್ಲ. ಬಿಡಿ ಅಂಕಿಗಳ ವ್ಯತ್ಯಾಸ ಸರಿಯಾಗಿ 5 ಇದ್ದಾಗಲೆಲ್ಲ ಹೀಗೇ ಆಗುತ್ತದೆ. ಅಂಥ ಲೆಕ್ಕ ಬಿಟ್ಟುಬಿಡಿ.

3. ಸೆಕ್ಷನ್‌ಗಳನ್ನು ಮಾಡಿ

ಸೆಕ್ಷನ್ ಎಂದರೆ ಫಾರ್ಮ್‌ನ ಒಂದು ಪುಟ. ಮೊದಲ ಸೆಕ್ಷನ್‌ನಲ್ಲಿ ಹಾಜರಿ ಸಂಖ್ಯೆ ಕೇಳಿ, ಕೆಳಗೆ 62 – 28 ಹಾಕಿ. ಎರಡನೆಯದರಲ್ಲಿ ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ಕಳೆಯುವ ಚಿತ್ರ. ಮೂರನೆಯದರಲ್ಲಿ ದಶಕ ಕೊಟ್ಟ ಮೇಲೆ 6 ಹೋಗಿ 5 ಆಗುವುದನ್ನು ತೋರಿಸಿ. ನಾಲ್ಕನೆಯದು ಚಿಹ್ನೆಗೆ. ಈ ಮೂರರಲ್ಲೂ ಕೊನೆಗೆ 83 – 47 ಕೇಳಿ: ಸರಿ ಉತ್ತರ 36, ತಿರುಗಿಸಿ ಕಳೆದರೆ 44, ಮರೆತರೆ 46. ಐದನೆಯ ಸೆಕ್ಷನ್ ಸರಿ ಮಾಡಿದವರಿಗೆ. ಅವರಿಗೆ 502 – 138 ಕೊಡಿ. ಉತ್ತರ 364. 374 ಬಂದರೆ, ನಡುವಿನ ಸೊನ್ನೆ ಹತ್ತಾಗಿದೆ, ಆಮೇಲೆ ಒಂಬತ್ತಾಗಿಲ್ಲ.

4. ದಾರಿ ಜೋಡಿಸಿ

ಪ್ರಶ್ನೆ ‘ಮಲ್ಟಿಪಲ್ ಚಾಯ್ಸ್’ ಇರಲಿ, ‘ರಿಕ್ವೈರ್ಡ್’ ಆನ್ ಮಾಡಿ. ಮೂಲೆಯ ಮೂರು ಚುಕ್ಕೆ ಒತ್ತಿ ‘ಗೋ ಟು ಸೆಕ್ಷನ್ ಬೇಸ್ಡ್ ಆನ್ ಆನ್ಸರ್’ ಆರಿಸಿ. 46 ಮತ್ತು ‘ಗೊತ್ತಿಲ್ಲ’ ಎರಡನೆಯದಕ್ಕೆ, 44 ಮೂರನೆಯದಕ್ಕೆ, 90 ನಾಲ್ಕನೆಯದಕ್ಕೆ, 34 ಐದನೆಯದಕ್ಕೆ.

ಆಮೇಲೆ ಎರಡು, ಮೂರು, ನಾಲ್ಕನೆಯ ಸೆಕ್ಷನ್‌ಗಳ ಕೆಳಗೆ ‘ಸಬ್‌ಮಿಟ್ ಫಾರ್ಮ್’ ಎಂದು ಬದಲಿಸಿ. ಇಲ್ಲದಿದ್ದರೆ ಎರಡನೆಯದು ಮುಗಿಸಿದ ಮಗು ನೇರ ಮೂರನೆಯದಕ್ಕೆ ಹೋಗುತ್ತದೆ. ‘ಪ್ರಿವ್ಯೂ’ ತೆರೆದು ಐದೂ ಉತ್ತರ ಒಂದೊಂದಾಗಿ ಒತ್ತಿ ನೋಡಿ.

ಇಮೇಲ್ ಕೇಳಬೇಡಿ, ಹೆಸರೂ ಬೇಡ. ‘ಲಿಮಿಟ್ ಟು 1 ರೆಸ್ಪಾನ್ಸ್’ ಆಫ್ ಇರಲಿ. ಅದು ಆನ್ ಇದ್ದರೆ ಗೂಗಲ್ ಖಾತೆ ಕೇಳುತ್ತದೆ. ಒಂದೇ ಟ್ಯಾಬ್ ಮಕ್ಕಳ ಕೈಯಿಂದ ಕೈಗೆ ಹೋಗಬೇಕಲ್ವಾ!

5. ಶೀಟ್ ನೋಡಿ ಗುಂಪು ಮಾಡಿ

ಉತ್ತರಗಳು ಗೂಗಲ್ ಶೀಟ್‌ಗೆ ಹೋಗುವಂತೆ ಜೋಡಿಸಿ, ಅಂಕ ಕೂಡಿಸಲು ಹೋಗಬೇಡಿ. 62 – 28ರ ಕಾಲಂ ಉತ್ತರದ ಪ್ರಕಾರ ಸಾರ್ಟ್ ಮಾಡಿದರೆ ನಾಳೆಯ ಗುಂಪುಗಳು ಅಲ್ಲೇ ಸಿಗುತ್ತವೆ. ಎರಡನೇ ಲೆಕ್ಕದಲ್ಲೂ ಅದೇ ತಪ್ಪು ಮಾಡಿದವರನ್ನು ಹತ್ತಿರ ಕೂರಿಸಿಕೊಳ್ಳಿ. ಮೊದಲನೆಯದು ಮಾತ್ರ ತಪ್ಪಿದ್ದರೆ ಬರೀ ಕೈತಪ್ಪೂ ಇರಬಹುದು, ಇನ್ನೊಂದು ಲೆಕ್ಕ ಕೊಟ್ಟು ನೋಡಿ. ಮಗು ಯಾಕೆ ಹಾಗೆ ಮಾಡಿತು ಎಂದು ಬಾಯಿಬಿಟ್ಟು ಕೇಳುವ ಕೆಲಸ ಮಾತ್ರ ನಿಮ್ಮದೇ. ಅಷ್ಟು ಬುದ್ಧಿ ಈ ಫಾರ್ಮ್‌ಗೆ ಇಲ್ಲ.

ನೆಟ್ ಇಲ್ಲದಿದ್ದರೆ

ಇದನ್ನೇ ರಟ್ಟಿನ ಕಾರ್ಡ್‌ಗಳ ಮೇಲೆ ಬರೆಯಿರಿ. ‘46 ಬಂದರೆ ನೀಲಿ ಕಾರ್ಡ್, 44 ಬಂದರೆ ಹಸಿರು’ ಎಂದರೆ ಆಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಬೋಧನಾ ಪದ್ಧತಿಯಲ್ಲಿ ಮಕ್ಕಳು ಕಾರ್ಡ್ ಹಿಡಿದು ತಮ್ಮ ವೇಗದಲ್ಲೇ ಕಲಿಕೆಯ ಏಣಿ ಹತ್ತುತ್ತಿದ್ದರು, ಟ್ಯಾಬ್ ಇರಲಿಲ್ಲ. ಕಾರ್ಡ್‌ನಲ್ಲಿ ಒಂದೇ ತೊಂದರೆ: ಯಾರು ಯಾವ ಬಣ್ಣ ತೆಗೆದರು ಎಂದು ನೀವೇ ಬರೆದುಕೊಳ್ಳಬೇಕು. ಹಾಜರಿ ಸಂಖ್ಯೆಯ ಪಟ್ಟಿಯೊಂದನ್ನು ಗೋಡೆಗೆ ಅಂಟಿಸುವ ಬದಲು ನಿಮ್ಮ ಡೈರಿಯಲ್ಲಿ ಇಟ್ಟುಕೊಳ್ಳಿ. ಯಾರು ಹಿಂದಿದ್ದಾರೆ ಎಂಬುದು ತರಗತಿಗೆಲ್ಲ ಕಾಣಬೇಕಿಲ್ಲ.